ಅಣುಯಂತ್ರ, ನ್ಯಾನೋ ಔಷಧ, ನ್ಯಾನೋ ಗೊಬ್ಬರ: ಇವುಗಳಲ್ಲಿ ನಿಜವೆಷ್ಟು, ನಿರೀಕ್ಷೆಯೆಷ್ಟು, ಅಪಾಯವೆಷ್ಟು?

ಪ್ರಶ್ನೆ: ಮಲೆನಾಡಿನ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಈ ಸಲದ ಚರ್ಚಾಸ್ಪರ್ಧೆಗೆ ‘ನ್ಯಾನೋ ತಂತ್ರಜ್ಞಾನ: ವರವೋ, ಶಾಪವೋ’ ಎಂಬ ವಿಷಯ ಕೊಟ್ಟಿದ್ದಾರೆ. ಪರವಾಗಿ ಮಾತನಾಡುವ ವಿದ್ಯಾರ್ಥಿನಿಯು, ರಕ್ತನಾಳಗಳಲ್ಲಿ ಈಜುತ್ತ ಹೋಗಿ ಕ್ಯಾನ್ಸರ್ ಗಡ್ಡೆಯನ್ನು ಹುಡುಕಿ ನಾಶಮಾಡುವ ರೋಬೋಟುಗಳು ಆಗಲೇ ಆಸ್ಪತ್ರೆಗಳಿಗೆ ಬಂದುಬಿಟ್ಟಿವೆ ಎಂಬಂತೆ ಬರೆದುಕೊಂಡು ಬಂದಿದ್ದಾಳೆ. ವಿರೋಧವಾಗಿ ಮಾತನಾಡುವ ಹುಡುಗನ ಬರಹದಲ್ಲಿ, ತಮ್ಮನ್ನು ತಾವೇ ನಕಲು ಮಾಡಿಕೊಳ್ಳುವ ಯಂತ್ರಗಳು ಕಾಡು, ನಾಡು, ಮನುಷ್ಯ ಎಲ್ಲವನ್ನೂ ತಿಂದು ಭೂಮಿಯನ್ನು ಬೂದು ಬಣ್ಣದ ಲೋಳೆಯಾಗಿಸುತ್ತವೆ. ಇಬ್ಬರೂ ಇದನ್ನೆಲ್ಲ ಅಂತರಜಾಲದಿಂದಲೇ ತೆಗೆದುಕೊಂಡಿದ್ದಾರೆ, ಇಬ್ಬರ ಬರಹವನ್ನೂ ನಾನೇ ತಿದ್ದಿಕೊಡಬೇಕು.

ನನ್ನ ಸಂದೇಹಗಳು ಇವು. 2016ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಅಣುಯಂತ್ರಗಳಿಗೆ, ಅಂದರೆ ಅಣುಗಳಿಂದಲೇ ಕಟ್ಟಿದ ಅತಿಸೂಕ್ಷ್ಮ ಯಂತ್ರಗಳಿಗೆ ಎಂದು ಗೊತ್ತು. ಆದರೆ ಆ ಯಂತ್ರಗಳು ಇಂದು ನಿಜವಾಗಿ ಏನು ಮಾಡಬಲ್ಲವು? ನೀರಿನ ಫಿಲ್ಟರ್, ಸನ್‌ಸ್ಕ್ರೀನ್, ಗೊಬ್ಬರದ ಬಾಟಲಿಗಳ ಮೇಲೆ ‘ನ್ಯಾನೋ’ ಎಂದು ಬರೆದಿರುತ್ತಾರಲ್ಲ, ಅದಕ್ಕೂ ಇದಕ್ಕೂ ಏನಾದರೂ ಸಂಬಂಧವಿದೆಯೇ? ಅಪಾಯವೆಂದು ಮಕ್ಕಳಿಗೆ ಹೇಳಲೇಬೇಕಾದದ್ದು ಯಾವುದು? ಈ ಕ್ಷೇತ್ರಗಳಲ್ಲಿ ಕೆಲಸ ಮಾಡಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ: ಬೆಂಜೀನ್ ಬಳೆ

ಮೇಷ್ಟ್ರೇ, ನಾನು ಸಾವಯವ ಸಂಶ್ಲೇಷಣೆಯಲ್ಲಿ ಕೆಲಸ ಮಾಡುವವಳು. ಕೆಲವು ಕಾಲ ಯುರೋಪಿನ ಒಂದು ಪ್ರಯೋಗಾಲಯದಲ್ಲಿ ಬೆಳಕಿನಿಂದ ತಿರುಗುವ ಅಣುಗಳನ್ನು ಕಟ್ಟುವುದೇ ನನ್ನ ಕಸುಬಾಗಿತ್ತು. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಯನ್ನಷ್ಟೇ ಎತ್ತಿಕೊಳ್ಳುತ್ತೇನೆ. ನೀವೂ ರಸಾಯನಶಾಸ್ತ್ರದವರಾದ್ದರಿಂದ ಸ್ವಲ್ಪ ಒಳಗೆ ಹೋಗಿ ಬರೆದರೆ ಬೇಸರಿಸಲಾರಿರಿ ಎಂದುಕೊಂಡಿದ್ದೇನೆ.

ಅಣುಗಳನ್ನು ರಾಸಾಯನಿಕ ಬಂಧವಿಲ್ಲದೆ, ಸರಪಳಿಯ ಕೊಂಡಿಗಳ ಹಾಗೆ ಒಂದರೊಳಗೊಂದು ತೂರಿಸಿ ಹಿಡಿದಿಡಬಹುದೇ ಎಂಬುದು ಇಲ್ಲಿನ ಮೊದಲ ತೊಡಕಾಗಿತ್ತು. ಅದಕ್ಕೂ ಮೊದಲು ಅಂಥ ಕೊಂಡಿಗಳನ್ನು ಮಾಡಿದವರಿದ್ದರು. ಆದರೆ ಒಂದು ಉಂಗುರ ಮುಚ್ಚಿಕೊಳ್ಳುವ ಹೊತ್ತಿಗೆ ಇನ್ನೊಂದು ಅದರೊಳಗೆ ಇರುವುದು ಬಹುಮಟ್ಟಿಗೆ ಅದೃಷ್ಟದ ಮಾತಾಗಿದ್ದರಿಂದ ಇಳುವರಿ ತೀರ ಕಡಿಮೆಯಿತ್ತು. 1983ರಲ್ಲಿ ಸ್ಟ್ರಾಸ್‌ಬರ್ಗ್‌ನ ಜಾನ್-ಪಿಯೆರ್ ಸೋವಾಜ್ ತಾಮ್ರದ ಅಯಾನನ್ನು ಮಧ್ಯಸ್ಥನನ್ನಾಗಿ ಇಟ್ಟುಕೊಂಡರು. ಒಂದು ಉಂಗುರವನ್ನೂ ಒಂದು ಅರ್ಧಚಂದ್ರಾಕಾರದ ತುಂಡನ್ನೂ ಅಯಾನು ತನ್ನ ಸುತ್ತ ಹಿಡಿದು ನಿಲ್ಲಿಸುತ್ತದೆ, ಮತ್ತೊಂದು ತುಂಡು ಬಂದು ಅರ್ಧಚಂದ್ರವನ್ನು ಪೂರ್ಣ ಉಂಗುರವನ್ನಾಗಿ ಮುಚ್ಚುತ್ತದೆ, ಆಮೇಲೆ ತಾಮ್ರವನ್ನು ತೆಗೆದುಹಾಕಿದರೆ ಬಿಡಿಸಲಾಗದ ಎರಡು ಕೊಂಡಿಗಳು ಉಳಿಯುತ್ತವೆ. 1991ರಲ್ಲಿ ಫ್ರೇಸರ್ ಸ್ಟಾಡರ್ಟ್ ಅವರ ತಂಡ ಗಾಲಿಯ ಅಚ್ಚಿನಂಥ ದಂಡಾಕಾರದ ಅಣುವೊಂದಕ್ಕೆ ಉಂಗುರ ಪೋಣಿಸಿ, ಅದು ಜಾರಿಬೀಳದಂತೆ ಎರಡೂ ತುದಿಗಳಲ್ಲಿ ದಪ್ಪ ಗುಂಪುಗಳನ್ನು ಇಟ್ಟು, ಉಂಗುರವು ಅಚ್ಚಿನ ಮೇಲಿನ ಎರಡು ನಿಲ್ದಾಣಗಳ ನಡುವೆ ಓಡಾಡುವುದನ್ನು ತೋರಿಸಿತು. ಆ ಇಬ್ಬರ ಜೊತೆಗೆ ನೊಬೆಲ್ ಹಂಚಿಕೊಂಡ ಮೂರನೆಯವರು, ನೆದರ್ಲೆಂಡ್ಸ್‌ನ ಗ್ರೋನಿಂಗನ್ ವಿಶ್ವವಿದ್ಯಾಲಯದ ಬೆನ್ ಫೆರಿಂಗಾ. ಒಂದೇ ದಿಕ್ಕಿಗೆ ತಿರುಗುತ್ತಲೇ ಇರುವ ಮೋಟಾರನ್ನು ಅವರು 1999ರಲ್ಲಿ ಪ್ರಕಟಿಸಿದರು.

ನನಗೆ ಹೆಚ್ಚು ಪರಿಚಿತವಾದದ್ದು ಈ ಮೋಟಾರು. ಎರಡು ಚಪ್ಪಟೆಯಾದ ಭಾಗಗಳು, ನಡುವೆ ಕಾರ್ಬನ್–ಕಾರ್ಬನ್ ದ್ವಿಬಂಧ. ದ್ವಿಬಂಧದ ಸುತ್ತ ತಿರುಗುವಿಕೆ ಸಾಧ್ಯವಿಲ್ಲವೆಂದು ನಾವೇ ತರಗತಿಯಲ್ಲಿ ಹೇಳಿಕೊಡುತ್ತೇವಲ್ಲ, ಅದೇ ಇಲ್ಲಿ ಅನುಕೂಲವಾಗುತ್ತದೆ. ನೇರಳಾತೀತ ಬೆಳಕು ಬಿದ್ದ ಕ್ಷಣ ಆ ಬಂಧ ಸಡಿಲಗೊಂಡು ಒಂದು ಭಾಗ ಅರ್ಧ ಸುತ್ತು ತಿರುಗುತ್ತದೆ. ಆದರೆ ತಿರುಗಿದ ಜಾಗದಲ್ಲಿ ಮೀಥೈಲ್ ಗುಂಪುಗಳು ಪಕ್ಕದ ಭಾಗಕ್ಕೆ ಒತ್ತಿಕೊಂಡು ಇಡೀ ಅಣು ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಸುತ್ತಲಿನ ಶಾಖದಿಂದ ಒಂದು ಭಾಗ ಇನ್ನೊಂದರ ಮೇಲೆ ಜಾರಿ ಆರಾಮದ ಸ್ಥಿತಿಗೆ ಬಂದುಬಿಟ್ಟರೆ ಮತ್ತೆ ಹಿಂದಕ್ಕೆ ಹೋಗುವುದು ಕಷ್ಟ. ಇನ್ನೊಮ್ಮೆ ಬೆಳಕು, ಇನ್ನೊಮ್ಮೆ ಜಾರುವಿಕೆ, ಅಲ್ಲಿಗೆ ಒಂದು ಸುತ್ತು ಮುಗಿಯಿತು. ಎಡಕ್ಕೋ ಬಲಕ್ಕೋ ಎಂಬುದನ್ನು ಅಣುವಿನ ಕೈರಾಲಿಟಿಯೇ, ಅಂದರೆ ಎಡಗೈ-ಬಲಗೈಗಳಂತೆ ತನ್ನ ಕನ್ನಡಿಬಿಂಬಕ್ಕೆ ಹೊಂದದ ಅದರ ಆಕಾರವೇ, ನಿರ್ಧರಿಸುತ್ತದೆ. ಮೊದಲ ಮೋಟಾರಿಗೆ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕಿತ್ತು. 2014ರ ಹೊತ್ತಿಗೆ ಸೆಕೆಂಡಿಗೆ 1.2 ಕೋಟಿ ಸುತ್ತುಗಳ ವೇಗವನ್ನು ಅದೇ ತಂಡ ಮುಟ್ಟಿತ್ತು.

ಈ ವೇಗದ ಅಂಕಿಯನ್ನು ಕೇಳಿದ ಕೂಡಲೇ ಮಕ್ಕಳು ಫ್ಯಾನು, ಕಾರು ಎಂದು ಕಲ್ಪಿಸಿಕೊಳ್ಳುತ್ತಾರೆ, ಅಲ್ಲಿಂದಲೇ ದಾರಿ ತಪ್ಪುವುದು. ಆ ಗಾತ್ರದಲ್ಲಿ ಜಡತ್ವಕ್ಕೆ ಬೆಲೆಯೇ ಇಲ್ಲ. ಕೋಣೆಯ ಉಷ್ಣತೆಯಲ್ಲಿ ನೀರಿನ ಅಣುಗಳು ಸೆಕೆಂಡಿಗೆ ಸುಮಾರು 600 ಮೀಟರ್ ಸರಾಸರಿ ವೇಗದಲ್ಲಿ ಎಲ್ಲ ಕಡೆಯಿಂದ ಬಂದು ಅಪ್ಪಳಿಸುತ್ತಿರುತ್ತವೆ. ಎಂಜಿನ್ ನಿಲ್ಲಿಸಿದ ಕ್ಷಣವೇ ಚಲನೆಯೂ ನಿಲ್ಲುತ್ತದೆ. ಆದ್ದರಿಂದ ಅಣುಯಂತ್ರದ ಕೆಲಸ ಬಲ ಪ್ರಯೋಗಿಸಿ ಮುಂದಕ್ಕೆ ನುಗ್ಗುವುದಲ್ಲ. ತೇರೆಳೆಯುವ ನೂಕುನುಗ್ಗಲಿನಲ್ಲಿ ಗಾಲಿ ಒಂದಿಷ್ಟು ಮುಂದೆ ಉರುಳಿದಾಗಲೆಲ್ಲ ಅದು ಹಿಂದಕ್ಕೆ ಬರದಂತೆ ಮರದ ತುಂಡನ್ನು ಅಡ್ಡ ಕೊಡುವವನಿರುತ್ತಾನಲ್ಲ, ಅವನು ಮಾಡುವ ಕೆಲಸವೇ ಇದರದ್ದು. ನೂಕುವುದು ಸುತ್ತಲಿನ ಶಾಖ, ಹಿಂದಕ್ಕೆ ಬಿಡದಿರುವುದು ಯಂತ್ರ. ಆ ‘ಬಿಡದಿರುವಿಕೆ’ಗೆ ಬೆಳಕಿನ ಅಥವಾ ರಾಸಾಯನಿಕ ಇಂಧನದ ರೂಪದಲ್ಲಿ ಬೆಲೆ ತೆರಬೇಕು, ಇಲ್ಲವಾದರೆ ಉಷ್ಣಗತಿಶಾಸ್ತ್ರದ ಎರಡನೆಯ ನಿಯಮ ಸುಮ್ಮನೆ ಬಿಡುವುದಿಲ್ಲ.

ಜೀವಕೋಶಗಳಿಗೆ ಈ ವಿದ್ಯೆ ಶತಕೋಟಿ ವರ್ಷಗಳಿಂದ ಕರಗತ. ನಮ್ಮ ಮೈಟೋಕಾಂಡ್ರಿಯಾದಲ್ಲಿರುವ ಎಟಿಪಿ ಸಿಂಥೇಸ್ ಸುಮಾರು 10 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ) ಅಗಲದ, ನಿಜವಾಗಿಯೂ ಗಿರಗಿರ ತಿರುಗುವ ಯಂತ್ರ. ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಅಣುಗಳನ್ನು ಒಂದು ಸುತ್ತಿಗೆ ಮೂರರಂತೆ ತಯಾರಿಸುತ್ತದೆ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಅದರ ಅಚ್ಚಿಗೆ ಹೊಳೆಯುವ ಆಕ್ಟಿನ್ ಎಳೆಯನ್ನು ಅಂಟಿಸಿ, ಅದು ತಿರುಗುವುದನ್ನು ಸೂಕ್ಷ್ಮದರ್ಶಕದಡಿ ಕಣ್ಣಾರೆ ಕಂಡರು. ಇದರ ಪಕ್ಕದಲ್ಲಿ ನಮ್ಮ ಕೈಕೆಲಸವನ್ನು ಇಟ್ಟು ನೋಡಿದರೆ ಅಂತರ ತಿಳಿಯುತ್ತದೆ. ಮ್ಯಾಂಚೆಸ್ಟರಿನ ಡೇವಿಡ್ ಲೀ ಅವರ ತಂಡ 2013ರಲ್ಲಿ, ದಾರದಂಥ ಅಣುವಿನ ಮೇಲೆ ಉಂಗುರವೊಂದು ಸಾಗುತ್ತ ದಾರಿಯಲ್ಲಿ ಸಿಕ್ಕ ಅಮೈನೋ ಆಮ್ಲಗಳನ್ನು ಕ್ರಮವಾಗಿ ಜೋಡಿಸುವ ಯಂತ್ರವನ್ನು ಕಟ್ಟಿತು. ಅದ್ಭುತವಾದ ಕೆಲಸ. ಆದರೆ ಅದು ಜೋಡಿಸಿದ್ದು ಮೂರು ಅಮೈನೋ ಆಮ್ಲಗಳನ್ನು, ಒಂದೊಂದು ಬಂಧಕ್ಕೂ ಗಂಟೆಗಟ್ಟಲೆ ಹಿಡಿಯುತ್ತಿತ್ತು, ಸಾಗಿದ ಹಾದಿ ಸಾಗಿದಂತೆ ಖಾಲಿಯಾಗುವುದರಿಂದ ಮತ್ತೊಮ್ಮೆ ಬಳಸುವಂತಿಲ್ಲ. ಬ್ಯಾಕ್ಟೀರಿಯಾದೊಳಗೆ ಪ್ರೋಟೀನು ಕಟ್ಟುವ ರೈಬೋಸೋಮ್ ಸೆಕೆಂಡಿಗೆ 20ರ ಆಸುಪಾಸು ಜೋಡಿಸುತ್ತದೆ. ಫೆರಿಂಗಾ ತಂಡದ 2011ರ ನಾಲ್ಕು ಚಕ್ರಗಳ ‘ನ್ಯಾನೋ ಕಾರು’ ಕೂಡ ಹೀಗೆಯೇ: ನಿರಪೇಕ್ಷ ಶೂನ್ಯಕ್ಕೆ ಸಮೀಪದ ಚಳಿಯಲ್ಲಿ, ತಾಮ್ರದ ಮೇಲ್ಮೈ ಮೇಲೆ, ಹತ್ತು ಬಾರಿ ವಿದ್ಯುತ್ ಸ್ಪಂದ ಕೊಟ್ಟಾಗ 6 ನ್ಯಾನೋಮೀಟರ್ ಚಲಿಸಿತು.

ನಿಮ್ಮ ವಿದ್ಯಾರ್ಥಿನಿ ‘ಆಸ್ಪತ್ರೆಗೆ ಬಂದಿವೆ’ ಎಂಬುದನ್ನು ಹೊಡೆದುಹಾಕಲಿ. ‘ಎಂದಾದರೂ ಬರಬಹುದೇ’ ಎಂದು ಕೇಳಿದರೆ ನನ್ನ ಉತ್ತರ ಹೌದು ಎಂದೇ ಇರುತ್ತದೆ. 2017ರಲ್ಲಿ ಇಂಥ ಮೋಟಾರುಗಳೇ ನೇರಳಾತೀತ ಬೆಳಕಿನಲ್ಲಿ ತಿರುಗುತ್ತ ಗಾಜಿನ ತಟ್ಟೆಯಲ್ಲಿನ ಜೀವಕೋಶಗಳ ಪೊರೆಯನ್ನು ಕೊರೆದದ್ದು ವರದಿಯಾಗಿದೆ. ಆದರೆ ನೇರಳಾತೀತ ಬೆಳಕು ಚರ್ಮವನ್ನು ದಾಟಿ ಒಳಗೆ ಹೋಗುವುದು ಅತ್ಯಲ್ಪ. ಅದರ ಬದಲು ಕೆಂಪು ಬೆಳಕಿಗೆ ಓಗೊಡುವ ಮೋಟಾರುಗಳಿಗಾಗಿ ಹುಡುಕಾಟ ನಡೆದೇ ಇದೆ.

ಉತ್ತರ: ಹಳೆಯ ವಾದಗಳ ಓದುಗ

ಹುಡುಗನ ಬೂದು ಲೋಳೆಯ ಬಗ್ಗೆ ನಾಲ್ಕು ಮಾತು. 1959ರ ಡಿಸೆಂಬರ್ 29ರಂದು ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಮಾಡಿದ ಭಾಷಣವನ್ನು ಎಲ್ಲರೂ ಈ ಕ್ಷೇತ್ರದ ಆರಂಭವೆಂದು ಹೇಳುತ್ತಾರೆ; ಪರಮಾಣುಗಳನ್ನು ಬೇಕಾದ ಜಾಗದಲ್ಲಿ ಇಟ್ಟು ವಸ್ತುಗಳನ್ನು ಕಟ್ಟುವುದಕ್ಕೆ ಭೌತಶಾಸ್ತ್ರದ ಅಡ್ಡಿಯೇನೂ ಇಲ್ಲ ಎಂಬುದು ಅವರ ಮಾತಿನ ತಿರುಳು. ಲೋಳೆಯ ಮಾತು ಅಲ್ಲಿಲ್ಲ. ಅದು ಬಂದದ್ದು 1986ರಲ್ಲಿ, ಅಮೆರಿಕದ ಎಂಜಿನಿಯರ್ ಎರಿಕ್ ಡ್ರೆಕ್ಸ್‌ಲರ್ ಅವರ ಪುಸ್ತಕದಲ್ಲಿ, ಅದೂ ಒಂದು ಎಚ್ಚರಿಕೆಯಾಗಿ. ಓದಿದವರ ನೆನಪಿನಲ್ಲಿ ಉಳಿದದ್ದು ಮಾತ್ರ ಅದೊಂದೇ.

ಫುಲ್ಲರೀನ್ ಎಂಬ ಪಂಜರದಂಥ ಕಾರ್ಬನ್ ಅಣುಗಳನ್ನು ಕಂಡುಹಿಡಿದು 1996ರಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರಾದ ರಿಚರ್ಡ್ ಸ್ಮಾಲಿ 2001ರಿಂದ 2003ರವರೆಗೆ ಡ್ರೆಕ್ಸ್‌ಲರ್ ಜೊತೆ ಬಹಿರಂಗವಾಗಿಯೇ ವಾದ ಮಾಡಿದರು. ಪರಮಾಣುವನ್ನು ಹಿಡಿಯುವ ಬೆರಳೂ ಪರಮಾಣುಗಳಿಂದಲೇ ಆಗಿರಬೇಕಾದ್ದರಿಂದ ಅದು ತೀರ ದಪ್ಪವಾಗಿರುತ್ತದೆ, ಹಿಡಿದದ್ದನ್ನು ಬಿಡಬೇಕೆಂದಾಗ ಅಂಟಿಕೊಳ್ಳುತ್ತದೆ ಎಂಬುದು ಅವರ ಆಕ್ಷೇಪ. ಜೀವಕೋಶದೊಳಗಿನ ಕಿಣ್ವಗಳೂ ರೈಬೋಸೋಮ್‌ಗಳೂ ಬೆರಳಿಲ್ಲದೆಯೇ ಕಟ್ಟುತ್ತಿಲ್ಲವೇ ಎಂದು ಡ್ರೆಕ್ಸ್‌ಲರ್ ಕೇಳಿದರು. ಹಾಗಾದರೆ ನಿಮ್ಮ ಯಂತ್ರಕ್ಕೆ ನೀರು ಬೇಕು, ನೀರಿನಲ್ಲಿ ನಡೆಯುವ ರಸಾಯನಕ್ರಿಯೆಯಿಂದ ಉಕ್ಕನ್ನೋ ಸಿಲಿಕಾನ್ ಹರಳನ್ನೋ ಹೇಗೆ ಮಾಡುತ್ತೀರಿ ಎಂದು ಸ್ಮಾಲಿ ಮರುಪ್ರಶ್ನೆ ಹಾಕಿದರು. ಬೆಂಜೀನ್ ಬಳೆಯವರು ಬರೆದ ಮೂರು ಅಮೈನೋ ಆಮ್ಲಗಳ ಯಂತ್ರವನ್ನು ನೋಡಿದರೆ, ಇಬ್ಬರ ಮಾತಿನಲ್ಲೂ ಸತ್ವವಿತ್ತು ಎನಿಸುತ್ತದೆ. 2004ರಲ್ಲಿ ಡ್ರೆಕ್ಸ್‌ಲರ್ ಅವರೇ ಕ್ರಿಸ್ ಫೀನಿಕ್ಸ್ ಜೊತೆ ಸೇರಿ, ನ್ಯಾನೋ ಉತ್ಪಾದನೆಗೆ ತಾನಾಗಿಯೇ ಅಲೆದಾಡುತ್ತ ನಕಲಾಗುವ ಯಂತ್ರಗಳ ಅಗತ್ಯವೇ ಇಲ್ಲ, ಅಂಥದ್ದನ್ನು ಯಾರೂ ಆಕಸ್ಮಿಕವಾಗಿ ಮಾಡಿಬಿಡಲಾರರು ಎಂದು ಬರೆದರು. ಹುಡುಗ ಆ ಲೇಖನವನ್ನು ಓದಿದರೆ ಅವನ ವಾದದ ಅರ್ಧ ಭಾಗ ಬಿದ್ದುಹೋಗುತ್ತದೆ. ವಿರೋಧಿಸಲು ಬೇರೆ ಒಳ್ಳೆಯ ಕಾರಣಗಳು ಅವನಿಗೆ ಸಿಗುತ್ತವೆ, ಬಲ್ಲವರು ಬರೆಯಲಿ.

ಉತ್ತರ: ಕೈಗಾರಿಕಾ ವೈದ್ಯೆ

ಬರೆಯುತ್ತೇನೆ. ಬೆಂಗಳೂರಿನ ಸುತ್ತಮುತ್ತಲ ಕಾರ್ಖಾನೆಗಳ ಕಾರ್ಮಿಕರ ಶ್ವಾಸಕೋಶಗಳನ್ನು ನೋಡುವುದು ನನ್ನ ವೃತ್ತಿ. ನನಗೆ ಚಿಂತೆಯಿರುವುದು ಯಂತ್ರಗಳ ಬಗ್ಗೆ ಅಲ್ಲ, ಕಣಗಳ ಬಗ್ಗೆ. ಮಾರುಕಟ್ಟೆಯಲ್ಲಿ ಇಂದು ನ್ಯಾನೋ ಹೆಸರಿನಲ್ಲಿ ಸಿಗುವ ಕ್ರೀಮು, ಬಣ್ಣ, ಫಿಲ್ಟರುಗಳಲ್ಲಿ ಇರುವುದು 1ರಿಂದ 100 ನ್ಯಾನೋಮೀಟರ್ ಗಾತ್ರದ ಕಣಗಳೇ. ತಿರುಗುವ ಮೋಟಾರು ಇವುಗಳಲ್ಲಿಲ್ಲ.

ಗಾತ್ರ ಕಡಿಮೆಯಾದರೆ ಏನಾಗುತ್ತದೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ. ಒಂದು ಸೆಂಟಿಮೀಟರ್ ಬದಿಯ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದು ನ್ಯಾನೋಮೀಟರ್ ಬದಿಯ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 6,000 ಚದರ ಮೀಟರ್, ಅಂದರೆ ಸುಮಾರು ಒಂದೂವರೆ ಎಕರೆ. ವಸ್ತು ಅಷ್ಟೇ, ತೂಕ ಅಷ್ಟೇ, ಹೊರಗಿನ ಜಗತ್ತಿಗೆ ತೆರೆದುಕೊಂಡ ಮೈ ಮಾತ್ರ ಒಂದು ಕೋಟಿ ಪಟ್ಟು. ಯಾವುದಕ್ಕೂ ಜಗ್ಗದ ಚಿನ್ನವೂ ಕೆಲವೇ ನ್ಯಾನೋಮೀಟರ್ ಗಾತ್ರಕ್ಕೆ ಇಳಿದಾಗ ಚುರುಕಾದ ವೇಗವರ್ಧಕವಾಗುತ್ತದೆ. ಹೀಗಾಗಿ ‘ಈ ವಸ್ತು ಸುರಕ್ಷಿತವೆಂದು ಹಿಂದೆಯೇ ಪರೀಕ್ಷಿಸಿದ್ದೇವೆ’ ಎಂಬ ಮಾತು ಅದರ ನ್ಯಾನೋ ರೂಪಕ್ಕೆ ಅನ್ವಯಿಸಬೇಕೆಂದೇನಿಲ್ಲ. ಎಷ್ಟು ಮಿಲಿಗ್ರಾಂ ಎಂಬುದರ ಜೊತೆಗೆ ಎಷ್ಟು ಉದ್ದ, ಯಾವ ಆಕಾರ, ಮೇಲೆ ಏನು ಲೇಪನ ಎಂಬುದನ್ನೂ ಕೇಳಬೇಕಾಗುತ್ತದೆ.

ಆಕಾರದ ಮಾತಿಗೆ ಕಾರ್ಬನ್ ನಳಿಕೆಗಳೇ, ಅಂದರೆ ಕಾರ್ಬನ್ ಪರಮಾಣುಗಳಿಂದಾದ ಅತಿಸೂಕ್ಷ್ಮ ಕೊಳವೆಗಳೇ, ಸಾಕ್ಷಿ. 2008ರಲ್ಲಿ ಎಡಿನ್‌ಬರೋದ ಸಂಶೋಧಕರು ಬಹುಪದರದ ನಳಿಕೆಗಳನ್ನು ಇಲಿಗಳ ಹೊಟ್ಟೆಯೊಳಗಿನ ಪೊರೆಯ ಮೇಲೆ ಹಾಕಿ ನೋಡಿದರು. ಉದ್ದವಾದ, ನೇರವಾದ ನಳಿಕೆಗಳು ಕಲ್ನಾರಿನ (ಆಸ್ಬೆಸ್ಟಾಸ್) ಎಳೆಗಳಂತೆಯೇ ಉರಿಯೂತ ಉಂಟುಮಾಡಿದವು. ಗಿಡ್ಡವಾದ, ಸಿಕ್ಕುಸಿಕ್ಕಾದ ನಳಿಕೆಗಳು ಹಾಗೆ ಮಾಡಲಿಲ್ಲ. ನಮ್ಮ ದೇಹದ ಕಾವಲು ಕೋಶಗಳು ತಮಗಿಂತ ಉದ್ದವಾದ ಎಳೆಯನ್ನು ನುಂಗಲು ಹೋಗಿ ನುಂಗಲಾರದೆ, ಬಿಡಲಾರದೆ, ತಮ್ಮೊಳಗಿನ ರಾಸಾಯನಿಕಗಳನ್ನು ಸುತ್ತಲೂ ಚೆಲ್ಲಿಬಿಡುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2014ರಲ್ಲಿ ಆ ಬಗೆಯ ಒಂದು ನಳಿಕೆಯನ್ನು ಮಾತ್ರ ‘ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದದ್ದು’ ಎಂಬ ವರ್ಗಕ್ಕೆ ಸೇರಿಸಿ, ಉಳಿದವುಗಳಿಗೆ ಪುರಾವೆ ಸಾಲದು ಎಂದಿತು. ನಳಿಕೆಗಳು ಪ್ಲಾಸ್ಟಿಕ್ಕಿನೊಳಗೆ ಗಟ್ಟಿಯಾಗಿ ಹುದುಗಿರುವಾಗ ಬಳಸುವವನಿಗೆ ಅಪಾಯ ಕಡಿಮೆ; ಪುಡಿಯನ್ನು ಚೀಲದಿಂದ ಸುರಿಯುವವನು, ಗಟ್ಟಿಯಾದದ್ದನ್ನು ಕತ್ತರಿಸಿ ಉಜ್ಜುವವನು ಬೇರೆಯೇ ಗಾಳಿಯನ್ನು ಉಸಿರಾಡುತ್ತಾನೆ.

ಆಹಾರಕ್ಕೆ ಬಿಳುಪು ಕೊಡಲು ಬಳಸುತ್ತಿದ್ದ ಟೈಟಾನಿಯಂ ಡೈಆಕ್ಸೈಡನ್ನು ಐರೋಪ್ಯ ಒಕ್ಕೂಟ 2022ರಲ್ಲಿ ನಿಷೇಧಿಸಿತು. ಹಾನಿ ಸಾಬೀತಾಯಿತೆಂದು ನಿಷೇಧಿಸಲಿಲ್ಲ. ಅದರಲ್ಲಿನ ಅತಿಸಣ್ಣ ಕಣಗಳು ಡಿಎನ್‌ಎಗೆ ಹಾನಿ ಮಾಡಲಾರವೆಂದು ಖಚಿತವಾಗಿ ಹೇಳಲಾಗುವುದಿಲ್ಲ ಎಂದು 2021ರಲ್ಲಿ ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರ ಅಭಿಪ್ರಾಯಪಟ್ಟದ್ದೇ ಕಾರಣ. ಚರ್ಚೆಯಲ್ಲಿ ಈ ವ್ಯತ್ಯಾಸವನ್ನು ಮಕ್ಕಳು ಕಾಪಾಡಿಕೊಳ್ಳಬೇಕು.

ಹಾಗೆಯೇ ಜರ್ಮನಿಯ ಪ್ರಸಂಗವೊಂದನ್ನೂ ಅವರಿಗೆ ಹೇಳಿ. 2006ರಲ್ಲಿ ‘ಮ್ಯಾಜಿಕ್ ನ್ಯಾನೋ’ ಎಂಬ ಹೆಸರಿನ ಸ್ನಾನಗೃಹದ ಸ್ಪ್ರೇ ಬಳಸಿದ ಸುಮಾರು ನೂರು ಜನ ಕೆಮ್ಮು, ಉಸಿರಾಟದ ತೊಂದರೆಯಿಂದ ಬಳಲಿದರು, ಕೆಲವರು ಶ್ವಾಸಕೋಶದಲ್ಲಿ ನೀರು ತುಂಬಿ ಆಸ್ಪತ್ರೆ ಸೇರಿದರು. ನ್ಯಾನೋ ತಂತ್ರಜ್ಞಾನದ ಮೊದಲ ಅನಾಹುತವೆಂದು ಸುದ್ದಿಯಾಯಿತು. ಪರೀಕ್ಷಿಸಿ ನೋಡಿದರೆ ಆ ಡಬ್ಬಿಯಲ್ಲಿ ನ್ಯಾನೋ ಕಣಗಳೇ ಇರಲಿಲ್ಲ! ಮಾರುವುದಕ್ಕೆ ಇಟ್ಟ ಹೆಸರೇ ಹೆದರಿಸುವುದಕ್ಕೂ ಒದಗಿತು.

ಔಷಧದ ವಿಷಯದಲ್ಲಿ ನಾನು ನಿರಾಶಾವಾದಿಯಲ್ಲ. ಕೊಬ್ಬಿನ ಪುಟ್ಟ ಗುಳ್ಳೆಗಳಲ್ಲಿ ತುಂಬಿದ ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧ ಅಮೆರಿಕದಲ್ಲಿ ಬಳಕೆಗೆ ಬಂದದ್ದು 1995ರಲ್ಲಿಯೇ; ಹೃದಯಕ್ಕೆ ಆಗುತ್ತಿದ್ದ ಹಾನಿ ಅದರಿಂದ ತಗ್ಗಿತು. 2020ರ ಕೊನೆಯಲ್ಲಿ ಬಂದ ಎಂಆರ್‌ಎನ್‌ಎ ಕೋವಿಡ್ ಲಸಿಕೆಗಳು ಕೆಲಸ ಮಾಡಿದ್ದು ಸುಮಾರು 100 ನ್ಯಾನೋಮೀಟರಿನ ಕೊಬ್ಬಿನ ಕಣಗಳ ಹೊದಿಕೆಯಿಂದಾಗಿ. (ಲಸಿಕೆಯಲ್ಲಿ ಚಿಪ್ ಇದೆ ಎಂಬ ವಾಟ್ಸಾಪ್ ಕಥೆ ಆಗ ನಮ್ಮಲ್ಲೂ ಹರಿದಾಡಿತು. ನಮ್ಮ ಹೆಚ್ಚಿನ ಜನ ಪಡೆದ ಕೋವಿಶೀಲ್ಡ್, ಕೋವ್ಯಾಕ್ಸಿನ್‌ಗಳಲ್ಲಿ ಚಿಪ್ ಇರಲಿ, ಈ ಕೊಬ್ಬಿನ ಕಣಗಳೂ ಇಲ್ಲ.) ಆದರೆ ಗಡ್ಡೆಯನ್ನು ‘ಹುಡುಕಿ’ ಹೋಗುವ ಕಣ ಎಂಬ ಮಾತಿಗೆ ತಡೆ ಹಾಕಬೇಕು. ಹತ್ತು ವರ್ಷಗಳ ಪ್ರಾಣಿಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ಟೊರಾಂಟೊದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಚುಚ್ಚುಮದ್ದಿನಲ್ಲಿ ಕೊಟ್ಟ ನ್ಯಾನೋ ಕಣಗಳಲ್ಲಿ ಗಡ್ಡೆಯನ್ನು ತಲುಪಿದ್ದರ ಮಧ್ಯಾಂಕ ಶೇ 0.7. ಉಳಿದವುಗಳಲ್ಲಿ ಬಹುಪಾಲನ್ನು ಯಕೃತ್ತು, ಗುಲ್ಮಗಳು ಹಿಡಿದುಹಾಕುತ್ತವೆ ಅಥವಾ ಅವು ದೇಹದಿಂದ ಹೊರಹೋಗುತ್ತವೆ.

ಉತ್ತರ: ಗದ್ದೆಬಯಲು

ಗೊಬ್ಬರದ ಬಾಟಲಿಯ ಪ್ರಸ್ತಾಪ ಬಂದದ್ದರಿಂದ ಬರೆಯುತ್ತಿದ್ದೇನೆ. ಕೃಷಿ ಪದವಿ ಓದಿ ಊರಿಗೆ ಮರಳಿ ಭತ್ತ ಬೆಳೆಯುವವನು ನಾನು. ಈ ವಿಷಯಕ್ಕೆ ದೊಡ್ಡ ವಿಜ್ಞಾನವೇನೂ ಬೇಡ, ಗುಣಾಕಾರ ಬಂದರೆ ಸಾಕು.

2021ರಲ್ಲಿ ದ್ರವರೂಪದ ನ್ಯಾನೋ ಯೂರಿಯಾ ಮಾರುಕಟ್ಟೆಗೆ ಬಂದಾಗ, 500 ಮಿಲಿಲೀಟರಿನ ಒಂದು ಬಾಟಲಿ 45 ಕೆ.ಜಿ.ಯ ಒಂದು ಚೀಲ ಯೂರಿಯಾಕ್ಕೆ ಸಮ ಎಂದು ಪ್ರಚಾರ ಮಾಡಲಾಯಿತು. ಬಾಟಲಿಯಲ್ಲಿದ್ದ ಸಾರಜನಕ ಶೇ 4, ಅಂದರೆ ಸುಮಾರು 20 ಗ್ರಾಂ. ಚೀಲದಲ್ಲಿರುವುದು ಶೇ 46, ಅಂದರೆ 20 ಕೆ.ಜಿ.ಗೂ ಹೆಚ್ಚು. ಒಂದಕ್ಕೆ ಸಾವಿರ. ಮಣ್ಣಿಗೆ ಹಾಕಿದ ಯೂರಿಯಾದಲ್ಲಿ ಅರ್ಧಕ್ಕಿಂತ ಹೆಚ್ಚು ಆವಿಯಾಗಿ, ನೀರಿನಲ್ಲಿ ಬಸಿದು ಹೋಗುತ್ತದೆ ಎಂದು ಒಪ್ಪಿಕೊಂಡರೂ ಬೆಳೆಗೆ ಕೆ.ಜಿ.ಗಟ್ಟಲೆ ದಕ್ಕುತ್ತದೆ, ಬಾಟಲಿಯ ಒಂದು ಹನಿಯೂ ಪೋಲಾಗದೆ ಎಲೆಯೊಳಗೆ ಹೋದರೂ ದಕ್ಕುವುದು 20 ಗ್ರಾಂ. ಧಾನ್ಯದ ಪ್ರೋಟೀನಿಗೆ ಬೇಕಾದ ಸಾರಜನಕವನ್ನು ಕಣದ ಗಾತ್ರ ಎಲ್ಲಿಂದ ತಂದುಕೊಡುತ್ತದೆ? ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಇಬ್ಬರು ಸಸ್ಯವಿಜ್ಞಾನಿಗಳು 2023ರಲ್ಲಿ ಇದನ್ನೇ ಎತ್ತಿ ತೋರಿಸಿದರು. ಲೂಧಿಯಾನಾದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಎರಡು ವರ್ಷಗಳ ಪ್ರಯೋಗದಲ್ಲಿ, ಯೂರಿಯಾ ಕಡಿಮೆ ಮಾಡಿ ಈ ದ್ರವ ಸಿಂಪಡಿಸಿದ ತಾಕುಗಳಲ್ಲಿ ಗೋಧಿ ಇಳುವರಿ ಶೇ 20ಕ್ಕೂ ಹೆಚ್ಚು, ಭತ್ತದ್ದು ಸುಮಾರು ಶೇ 13 ಕುಸಿಯಿತು. ತಯಾರಕರು ಈ ಆಕ್ಷೇಪಗಳನ್ನು ಒಪ್ಪಿಲ್ಲ. ಆಮೇಲೆ ಸಾರಜನಕ ಹೆಚ್ಚಿಸಿದ ಬಾಟಲಿ ಬಂತು. ಅದನ್ನು ಶೇ 20 ಎಂದೇ ಇಟ್ಟುಕೊಂಡರೂ 100 ಗ್ರಾಂ ಆಗುತ್ತದೆ.

ಎಲೆಯ ಮೂಲಕ ಪೋಷಕಾಂಶ ಕೊಡುವುದು ಸುಳ್ಳು ವಿದ್ಯೆಯಲ್ಲ. ಸತು, ಬೋರಾನ್‌ಗಳಂಥ ಅತಿ ಕಡಿಮೆ ಸಾಕಾಗುವ ಲಘು ಪೋಷಕಾಂಶಗಳಿಗೆ ಅದು ಸರಿಯಾದ ದಾರಿ, ಅಲ್ಲಿ ನ್ಯಾನೋ ರೂಪದಿಂದ ಲಾಭವೂ ಇರಬಹುದು. ಕೆ.ಜಿ.ಗಟ್ಟಲೆ ಬೇಕಾದ ಸಾರಜನಕಕ್ಕೂ ಅದನ್ನೇ ಅನ್ವಯಿಸಿದ್ದು ತಪ್ಪಾಯಿತು. ನಮ್ಮ ಕಡೆಯ ಅಂಗಡಿಯೊಂದರಲ್ಲಿ, ಮೇಲುಗೊಬ್ಬರ ಹಾಕುವ ಹೊತ್ತಿಗೆ, ಬಾಟಲಿ ತೆಗೆದುಕೊಂಡವರಿಗೆ ಮಾತ್ರ ಚೀಲ ಎಂದು ಲಿಂಕ್ ಮಾಡಿ ಮಾರಿದರು. ಬಾಟಲಿಗಳು ಹಲವರ ಮನೆಯ ಅಟ್ಟದ ಮೇಲೆ ಕುಳಿತಿವೆ.

ಉತ್ತರ: ಸಿಲಿಕಾನ್ ಬಿಲ್ಲೆ

ಚರ್ಚೆ ಒಂದೇ ಕಡೆಗೆ ವಾಲುತ್ತಿದೆ ಎನಿಸಿದ್ದರಿಂದ ಬರೆಯುತ್ತಿದ್ದೇನೆ. ಮೇಷ್ಟ್ರು ಪ್ರಶ್ನೆ ಬರೆದ ಫೋನಿನ ಒಳಗೇ ಈ ತಂತ್ರಜ್ಞಾನದ ಅತಿದೊಡ್ಡ ಗೆಲುವಿದೆ. ಇಂದಿನ ಟ್ರಾನ್ಸಿಸ್ಟರಿನ ಕೆಲವು ಭಾಗಗಳ ಅಗಲ ನಿಜಕ್ಕೂ ಕೆಲವೇ ನ್ಯಾನೋಮೀಟರ್. (‘3 ನ್ಯಾನೋಮೀಟರ್ ಚಿಪ್’ ಎನ್ನುವಾಗಿನ 3 ಮಾತ್ರ ಅದರ ಯಾವುದೇ ಭಾಗದ ಅಳತೆಯಲ್ಲ, ಮಾರಾಟದ ಹೆಸರು. ವೈದ್ಯರ ಸ್ಪ್ರೇ ಡಬ್ಬಿಯ ಕಥೆಗೆ ಇದನ್ನೂ ಸೇರಿಸಿಕೊಳ್ಳಬಹುದು.) ಐಐಟಿ ಮದ್ರಾಸಿನ ಟಿ. ಪ್ರದೀಪ್ ಅವರ ತಂಡ ಕಬ್ಬಿಣದ ಆಕ್ಸೈಡ್ ಆಧಾರಿತ ನ್ಯಾನೋ ವಸ್ತುವಿನಿಂದ ಕುಡಿಯುವ ನೀರಿನ ಆರ್ಸೆನಿಕ್ ತೆಗೆಯುವ ಫಿಲ್ಟರುಗಳನ್ನು ರೂಪಿಸಿ, ಪಶ್ಚಿಮ ಬಂಗಾಳದಂಥ ಕಡೆ ಜನರಿಗೆ ತಲುಪಿಸಿದೆ. ಒಂದೂವರೆ ಎಕರೆ ಮೇಲ್ಮೈ ಅಪಾಯವೆಂದು ವೈದ್ಯರು ಬರೆದರಲ್ಲ, ಅದೇ ಮೇಲ್ಮೈ ಇಲ್ಲಿ ವಿಷವನ್ನು ಹಿಡಿದಿಡುತ್ತದೆ.

ರೋಬೋಟಿನ ಮಾತಿಗೂ ಬೆಂಗಳೂರಿನಲ್ಲೇ ಉದಾಹರಣೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಂಬರೀಶ್ ಘೋಷ್ ಅವರ ತಂಡ ಸಿಲಿಕಾದಿಂದ ಮಾಡಿ ಕಬ್ಬಿಣ ಲೇಪಿಸಿದ ಪುಟ್ಟ ಸುರುಳಿಗಳನ್ನು ಕಾಂತಕ್ಷೇತ್ರದಿಂದ ತಿರುಗಿಸಿ ಸ್ಕ್ರೂ ಹಾಗೆ ಮುಂದಕ್ಕೆ ಓಡಿಸುತ್ತದೆ. ರೂಟ್ ಕೆನಾಲ್ ಚಿಕಿತ್ಸೆ ವಿಫಲವಾಗುವುದಕ್ಕೆ ಒಂದು ಕಾರಣ, ಹಲ್ಲಿನ ಡೆಂಟಿನ್ ಪದರದ ಸೂಕ್ಷ್ಮ ನಾಳಗಳಲ್ಲಿ ಅವಿತ ಬ್ಯಾಕ್ಟೀರಿಯಾ. ಈಗಿನ ಅಲ್ಟ್ರಾಸೌಂಡ್ ವಿಧಾನ ಸುಮಾರು 800 ಮೈಕ್ರೋಮೀಟರ್ ಆಳಕ್ಕೆ ನಿಂತರೆ, ಈ ಸುರುಳಿಗಳು 2,000 ಮೈಕ್ರೋಮೀಟರ್‌ವರೆಗೆ ಹೋಗಿ, ಅಲ್ಲಿ ಶಾಖ ಹುಟ್ಟಿಸಿ ಬ್ಯಾಕ್ಟೀರಿಯಾವನ್ನು ಕೊಂದವು ಎಂದು 2022ರಲ್ಲಿ ವರದಿ ಮಾಡಿದರು. ಬಳಸಿದ್ದು ಕಿತ್ತ ಹಲ್ಲುಗಳನ್ನು; ಇಲಿಗಳಲ್ಲೂ ಪರೀಕ್ಷೆ ನಡೆದಿದೆ.

ವಿದ್ಯಾರ್ಥಿನಿಯ ವಾಕ್ಯಕ್ಕೆ ಅತಿ ಹತ್ತಿರ ಬರುವುದು 2018ರ ಪ್ರಯೋಗ. ಡಿಎನ್‌ಎ ಎಳೆಯನ್ನು ಬೇಕಾದ ಆಕಾರಕ್ಕೆ ಮಡಚುವ ವಿಧಾನವನ್ನು ಪಾಲ್ ರಾಥ್‌ಮಂಡ್ 2006ರಲ್ಲಿ ತೋರಿಸಿದ್ದರು. ಚೀನಾ ಮತ್ತು ಅರಿಜೋನಾದ ಸಂಶೋಧಕರು ಅದೇ ವಿಧಾನದಲ್ಲಿ ಡಿಎನ್‌ಎ ಹಾಳೆ ಮಾಡಿ, ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಕಿಣ್ವವನ್ನು ಒಳಗಿಟ್ಟು ಕೊಳವೆಯಾಗಿ ಸುತ್ತಿ ಬೀಗ ಹಾಕಿದರು. ಗಡ್ಡೆಯ ರಕ್ತನಾಳಗಳಲ್ಲಿ ಕಾಣುವ ಒಂದು ಪ್ರೋಟೀನ್ ಸಿಕ್ಕಾಗ ಬೀಗ ತೆರೆದುಕೊಂಡು, ಅಲ್ಲಿ ರಕ್ತ ಹೆಪ್ಪುಗಟ್ಟಿ ಗಡ್ಡೆಗೆ ಆಹಾರ ನಿಲ್ಲುತ್ತದೆ. ಇಲಿಗಳಲ್ಲಿ ಗಡ್ಡೆಗಳು ಕುಗ್ಗಿದವು.

ಉತ್ತರ: ಕೈಗಾರಿಕಾ ವೈದ್ಯೆ

ಸಿಲಿಕಾನ್ ಬಿಲ್ಲೆಯವರೇ, ಈ ಪ್ರಯೋಗ ನನಗೂ ಮೆಚ್ಚುಗೆಯದ್ದೇ. ಆದರೆ ಥ್ರಾಂಬಿನ್ ಹೊತ್ತ ಕೊಳವೆಗಳಲ್ಲಿ ಅತ್ಯಲ್ಪ ಪಾಲು ಮಿದುಳಿನ ರಕ್ತನಾಳದಲ್ಲಿ ತಪ್ಪಿ ತೆರೆದುಕೊಂಡರೂ ಅದು ಪಾರ್ಶ್ವವಾಯು. ಆ ತಂಡದವರೂ ಇದನ್ನು ಅರಿತೇ ಇಲಿಗಳ ಜೊತೆಗೆ ಹಂದಿಗಳಲ್ಲಿಯೂ ಸುರಕ್ಷತೆ ಪರೀಕ್ಷಿಸಿದ್ದರು. ಹಲ್ಲಿನ ಸುರುಳಿ ಇದಕ್ಕಿಂತ ಬೇಗ ಚಿಕಿತ್ಸಾಲಯ ತಲುಪಬಹುದು ಎಂದು ನನ್ನ ಅಂದಾಜು, ಏಕೆಂದರೆ ಅಲ್ಲಿ ಹೋಗುವ ಜಾಗ ಗೊತ್ತಿದೆ, ನಡೆಸುವ ಕಾಂತಕ್ಷೇತ್ರ ಹೊರಗೆ ನಮ್ಮ ಕೈಯಲ್ಲಿದೆ, ಕೆಲಸ ಮುಗಿದ ಮೇಲೆ ಹಿಂದಕ್ಕೆ ಎಳೆದುಕೊಳ್ಳಬಹುದು.

ಮಲೆನಾಡಿನ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಮಕ್ಕಳಿಬ್ಬರಿಗೂ ಈ ಉತ್ತರಗಳನ್ನು ಮುದ್ರಿಸಿ ಕೊಟ್ಟಿದ್ದೇನೆ. ಹುಡುಗ ಲೋಳೆಯನ್ನು ಬಿಟ್ಟು ಬಾಟಲಿಯ ಲೆಕ್ಕವನ್ನು ಹಿಡಿದುಕೊಂಡಿದ್ದಾನೆ. ವೈದ್ಯರಲ್ಲಿ ಒಂದು ಪ್ರಶ್ನೆ ಉಳಿದಿದೆ. ನಮ್ಮ ಮನೆಯ ಫಿಲ್ಟರಿನಲ್ಲಿ ಬೆಳ್ಳಿಯ ನ್ಯಾನೋ ಕಣಗಳಿವೆ, ಮನೆಯವರು ಹಚ್ಚಿಕೊಳ್ಳುವ ಸನ್‌ಸ್ಕ್ರೀನ್‌ನಲ್ಲಿ ಜಿಂಕ್ ಆಕ್ಸೈಡ್ ಇದೆ. ಇವುಗಳನ್ನು ಬಿಡಬೇಕೇ?

ಉತ್ತರ: ಕೈಗಾರಿಕಾ ವೈದ್ಯೆ

ಬಿಡಬೇಕಿಲ್ಲ ಮೇಷ್ಟ್ರೇ. ಗಾಯವಿಲ್ಲದ ಚರ್ಮದ ಮೇಲಿನ ಸತ್ತ ಕೋಶಗಳ ಪದರವನ್ನು ಜಿಂಕ್ ಆಕ್ಸೈಡ್ ಕಣಗಳು ದಾಟಿ ಹೋಗುವುದಿಲ್ಲವೆಂದು ಪರೀಕ್ಷೆಗಳು ತೋರಿಸಿವೆ. ಐರೋಪ್ಯ ಒಕ್ಕೂಟದ ವೈಜ್ಞಾನಿಕ ಸಮಿತಿಯು ಕ್ರೀಮುಗಳಲ್ಲಿ ಅದನ್ನು ಶೇ 25ರವರೆಗೆ ಒಪ್ಪಿದೆ, ಉಸಿರಿನೊಂದಿಗೆ ಒಳಗೆ ಹೋಗಬಹುದಾದ ಸ್ಪ್ರೇಗಳಲ್ಲಿ ಮಾತ್ರ ಬೇಡವೆಂದಿದೆ. ಆದ್ದರಿಂದ ಹಚ್ಚುವ ಕ್ರೀಮನ್ನೇ ಕೊಳ್ಳಿ, ಮುಖಕ್ಕೆ ಸಿಂಪಡಿಸುವುದನ್ನು ಬಿಡಿ. ಕುಡಿಯುವ ನೀರಿನಲ್ಲಿ ಬೆಳ್ಳಿಗೆ ನಮ್ಮ ಭಾರತೀಯ ಮಾನಕ ಲೀಟರಿಗೆ 0.1 ಮಿಲಿಗ್ರಾಂ ಮಿತಿ ಇಟ್ಟಿದೆ. ಮಾನ್ಯತೆ ಪಡೆದ ಫಿಲ್ಟರಾಗಿದ್ದು, ಕ್ಯಾಂಡಲ್ ಅಥವಾ ಕಾರ್ಟ್ರಿಡ್ಜನ್ನು ಹೇಳಿದ ಅವಧಿಗೆ ಬದಲಾಯಿಸುತ್ತಿದ್ದರೆ ಸಾಕು. ದುರ್ವಾಸನೆ ಬಾರದಿರಲೆಂದು ಬೆಳ್ಳಿ ಲೇಪಿಸಿ ಮಾರುವ ಕಾಲುಚೀಲಗಳನ್ನು ಮಾತ್ರ ನಾನು ಕೊಳ್ಳುವುದಿಲ್ಲ. 2008ರಲ್ಲಿ ಅರಿಜೋನಾದಲ್ಲಿ ಅಂಥವುಗಳನ್ನು ಒಗೆದು ನೋಡಿದಾಗ ಕೆಲವು ಕಂಪನಿಗಳವು ನಾಲ್ಕೇ ಒಗೆತಕ್ಕೆ ಬೆಳ್ಳಿಯನ್ನು ಬಹುತೇಕ ಕಳೆದುಕೊಂಡಿದ್ದವು. ಹಾಗೆ ಹೋದ ಬೆಳ್ಳಿ ಚರಂಡಿ ಸೇರಿ, ಕೊಳಚೆ ನೀರನ್ನು ಶುದ್ಧಗೊಳಿಸುವ ಬ್ಯಾಕ್ಟೀರಿಯಾಗಳ ಮೇಲೂ ತನ್ನ ಕೆಲಸ ಮಾಡಬಲ್ಲದು.